ಬೆಳ್ಳಿ ಗಣಿಗೆ ಮೂರಡಿ ಹಳಿ: ಡುರಾಂಗೊ–ಸಿಲ್ವರ್ಟನ್ ಮಾರ್ಗ

ಅಮೆರಿಕದ ಕೊಲರಾಡೊ ರಾಜ್ಯದ ಸ್ಯಾನ್ ಹುವಾನ್ ಪರ್ವತಗಳಲ್ಲಿ, ಸುಮಾರು 9,300 ಅಡಿ ಎತ್ತರದಲ್ಲಿ ಸಿಲ್ವರ್ಟನ್ ಎಂಬ ಗಣಿ ಊರಿದೆ. ಅಲ್ಲಿನ ಬೆಳ್ಳಿ ಅದಿರನ್ನು ಕೆಳಗಿಳಿಸಲು ಡೆನ್ವರ್ ಮತ್ತು ರಿಯೊ ಗ್ರಾಂಡೆ ಕಂಪನಿ 1882ರಲ್ಲಿ ಡುರಾಂಗೊದಿಂದ ಸುಮಾರು 72 ಕಿ.ಮೀ. ಉದ್ದದ ಹಳಿ ಹಾಕಿತು. ಡುರಾಂಗೊ ಪಟ್ಟಣವನ್ನು 1880ರಲ್ಲಿ ಸ್ಥಾಪಿಸಿದ್ದೂ ಇದೇ ಕಂಪನಿ.

ಹಳಿಗಳ ನಡುವಿನ ಅಂತರ (ಗೇಜ್) 3 ಅಡಿ, ಅಂದರೆ 914 ಮಿ.ಮೀ. ಸ್ಟ್ಯಾಂಡರ್ಡ್ ಗೇಜ್ 1,435 ಮಿ.ಮೀ. ಕಿರಿದಾದ ಹಳಿ ಬಿಗಿ ತಿರುವುಗಳಲ್ಲೂ ಸಾಗುತ್ತದೆ. ಬಂಡೆ ಒಡೆಯುವ ಕೆಲಸ, ಖರ್ಚು ಎರಡೂ ಕಡಿಮೆ.

ಸಿಲ್ವರ್ಟನ್‌ನಿಂದಾಚೆಗೆ ಇನ್ನೂ ಮೂರು ಕವಲು ಮಾರ್ಗಗಳು ಗಣಿಗಳ ಬಾಯಿಗೇ ಹೋಗುತ್ತಿದ್ದವು. ಅವುಗಳಲ್ಲಿ ಉದ್ಯಮಿ ಓಟೊ ಮಿಯರ್ಸ್ ಕಟ್ಟಿಸಿದ ರೆಡ್ ಮೌಂಟನ್ ಮಾರ್ಗದ್ದು ವಿಚಿತ್ರ ಏರ್ಪಾಡು: ಕಾರ್ಕ್‌ಸ್ಕ್ರೂ ಕಣಿವೆಯಲ್ಲಿ ಹಳಿ ತಿರುಗಿಸಲು ಜಾಗವಿರಲಿಲ್ಲ. ಹಾಗಾಗಿ ಮುಖ್ಯ ಹಳಿಯ ಮೇಲೇ ತಿರುಗುಮೇಜು ಕೂರಿಸಿ, ಎಂಜಿನ್ ಕಳಚಿ ತಿರುಗಿಸಿ ಮತ್ತೆ ಜೋಡಿಸುತ್ತಿದ್ದರು!

1893ರಲ್ಲಿ ಬೆಳ್ಳಿ ಬೆಲೆ ಕುಸಿಯಿತು. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ಮೂರೂ ಕವಲುಗಳು ಮುಚ್ಚಿದ್ದವು. ಪ್ರವಾಸಿಗರಿಂದ ಉಳಿದುಕೊಂಡ ಡುರಾಂಗೊ–ಸಿಲ್ವರ್ಟನ್ ಮಾರ್ಗ 1961ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು.

ಗೇಜ್ ವಿಷಯದಲ್ಲಿ ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಭಾರತದ ನಮ್ಮ ಬೆಟ್ಟದ ರೈಲುಗಳಲ್ಲಿ: ಡಾರ್ಜಿಲಿಂಗ್ 610 ಮಿ.ಮೀ., ಕಾಲ್ಕಾ–ಶಿಮ್ಲಾ 762 ಮಿ.ಮೀ. ನ್ಯಾರೋ ಗೇಜ್, ನೀಲಗಿರಿ ಮಾತ್ರ 1,000 ಮಿ.ಮೀ. ಮೀಟರ್ ಗೇಜ್.