ಷರತ್ತುಬದ್ಧ ಪಠ್ಯದಲ್ಲಿ ಅಡ್ಡ ಉಲ್ಲೇಖಗಳು

ಒಂದೇ ಮೂಲಪಠ್ಯದಿಂದ ಹಲವು ಕೈಪಿಡಿಗಳನ್ನು ಸಿದ್ಧಪಡಿಸುವುದು ತಾಂತ್ರಿಕ ಪ್ರಕಟಣೆಯಲ್ಲಿ ರೂಢಿಯಲ್ಲಿದೆ. ನೀರೆತ್ತುವ ಪಂಪಿನ ಕೈಪಿಡಿಯನ್ನೇ ಉದಾಹರಣೆಯಾಗಿ ಪರಿಗಣಿಸಬಹುದು. ತ್ರೀ ಫೇಸ್ ಮೋಟಾರಿಗಷ್ಟೇ ಅನ್ವಯಿಸುವ ಭಾಗಗಳಿಗೆ ಗುರುತು ಹಾಕಲಾಗುತ್ತದೆ. ಸಿಂಗಲ್ ಫೇಸ್ ಆವೃತ್ತಿಯನ್ನು ಮುದ್ರಿಸುವಾಗ ತಂತ್ರಾಂಶವು ಅವನ್ನು ಕೈಬಿಡುತ್ತದೆ. ಇಂತಹ ಭಾಗಗಳಿಗೆ ಷರತ್ತುಬದ್ಧ ಪಠ್ಯವೆಂದು ಹೆಸರು.

ತೊಡಕು ಉದ್ಭವಿಸುವುದು ‘7ನೇ ವಿಭಾಗವನ್ನು ನೋಡಿರಿ’ ಎಂಬಂತಹ ವಾಕ್ಯಗಳಲ್ಲಿ. ಮೋಟಾರು ಹಿಮ್ಮುಖವಾಗಿ ತಿರುಗಿದರೆ ಯಾವುದಾದರೂ ಎರಡು ಫೇಸ್ ತಂತಿಗಳನ್ನು ಅದಲುಬದಲು ಮಾಡಬೇಕೆಂಬ ತ್ರೀ ಫೇಸ್ ಸೂಚನೆಯು ಆ ವಿಭಾಗದಲ್ಲಿದೆ ಎಂದಿಟ್ಟುಕೊಳ್ಳೋಣ. ಪೆಟ್ಟಿಗೆ ತೆರೆಯುವ ಮೊದಲು ವಿದ್ಯುತ್ ಕಡಿತಗೊಳಿಸಬೇಕೆಂಬ ಎಚ್ಚರಿಕೆಯನ್ನೂ ಅಲ್ಲಿಯೇ ಇಟ್ಟಿದ್ದರೆ, ಸಿಂಗಲ್ ಫೇಸ್ ಆವೃತ್ತಿಯ ಓದುಗನಿಗೆ ಅದು ದೊರಕದು. ಸಂಖ್ಯೆಯನ್ನು ಕೈಯಿಂದಲೇ ಬರೆದಿದ್ದರಂತೂ ಹಳೆಯ 8ನೇ ವಿಭಾಗವೇ 7ನೆಯದಾಗಿ, ಓದುಗನು ಅರಿವಿಲ್ಲದೆಯೇ ಬೇರೊಂದೆಡೆಗೆ ಹೋಗುತ್ತಾನೆ. ಗುರಿ ಕಾಣದ ಉಲ್ಲೇಖದ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆಗಳನ್ನು ಮುದ್ರಿಸುವ ಲೇಟೆಕ್ ತಂತ್ರಾಂಶದ ಒರಟುತನವೇ ಇದಕ್ಕಿಂತ ಮೇಲು!

ಆದಕಾರಣ ಸಂಖ್ಯೆಯ ಬದಲು ಹೆಸರುಪಟ್ಟಿಯ ಮೂಲಕ ಉಲ್ಲೇಖಿಸುವುದು ಲೇಸು. ಗುರಿಗಿರುವ ಷರತ್ತನ್ನೇ ಉಲ್ಲೇಖದ ಇಡೀ ವಾಕ್ಯಕ್ಕೂ ವಿಧಿಸತಕ್ಕದ್ದು; ಎಚ್ಚರಿಕೆಗಳು ಯಾವ ಷರತ್ತಿಗೂ ಒಳಪಡದೆ ಸಾಮಾನ್ಯ ಪಠ್ಯದಲ್ಲಿರಬೇಕು. 2005ರಲ್ಲಿ ಓಯಸಿಸ್ ಸಂಸ್ಥೆಯು ಮಾನಕವಾಗಿ ಅಂಗೀಕರಿಸಿದ ಡಿಟಾ ಪದ್ಧತಿಯಲ್ಲಿ, ವಿಷಯಗಳ ನಡುವಣ ಕೊಂಡಿಗಳನ್ನು ಪಠ್ಯದಿಂದ ಹೊರಗೆ, ಸಂಬಂಧ ಕೋಷ್ಟಕದಲ್ಲಿ ಇಡಲು ಅವಕಾಶವುಂಟು. ಕೈಬಿಟ್ಟ ವಿಷಯದೊಡನೆ ಅದರ ಕೊಂಡಿಯನ್ನೂ ಅಲ್ಲಿ ಸುಲಭವಾಗಿ ತೆಗೆಯಬಹುದು.

ಪರಿಶೀಲನೆಯನ್ನು ಮೂಲಪಠ್ಯದ ಮೇಲೆ ನಡೆಸಿದರೆ ಸಾಲದು. ಅಲ್ಲಿ ಎಲ್ಲ ವಿಭಾಗಗಳೂ ಇರುವುದರಿಂದ ದೋಷ ಗೋಚರಿಸುವುದಿಲ್ಲ. ಪ್ರತಿಯೊಂದು ಆವೃತ್ತಿಯನ್ನೂ ಪ್ರತ್ಯೇಕವಾಗಿ ಸಿದ್ಧಪಡಿಸಿ, ಉಲ್ಲೇಖಗಳನ್ನು ಒಂದೊಂದಾಗಿ ನೋಡಬೇಕಾಗುತ್ತದೆ.