ನಾಯಿಗೊಂದು ವಿಮೆ: ಕೊಳ್ಳುವ ಮುನ್ನ ಓದತಕ್ಕ ಪುಟಗಳು

ನಾಯಿಯ ವಿಮೆ ಎಂಬ ಒಂದೇ ಹೆಸರಿನಡಿಯಲ್ಲಿ ನಮ್ಮ ದೇಶದಲ್ಲಿ ಎರಡು ಭಿನ್ನ ಸ್ವಭಾವದ ಪಾಲಿಸಿಗಳು ಮಾರಾಟವಾಗುತ್ತಿವೆ ಎಂಬುದನ್ನು ಗ್ರಾಹಕನು ಮೊದಲು ಗ್ರಹಿಸತಕ್ಕದ್ದು. ಸರ್ಕಾರಿ ಸ್ವಾಮ್ಯದ ನ್ಯೂ ಇಂಡಿಯಾ, ಓರಿಯಂಟಲ್ ಮುಂತಾದ ಕಂಪನಿಗಳು ದೀರ್ಘಕಾಲದಿಂದ ಕೊಡುತ್ತ ಬಂದಿರುವ ಪಾಲಿಸಿಯು, ಬಹುಮಟ್ಟಿಗೆ ಜಾನುವಾರು ವಿಮೆಯನ್ನು ಹೋಲುವಂಥದಾಗಿ, ನಾಯಿಯು ರೋಗದಿಂದಲೋ ಅಪಘಾತದಿಂದಲೋ ಅಸುನೀಗಿದಾಗ ಅದರ ಬೆಲೆಯನ್ನು ಒಡೆಯನಿಗೆ ತುಂಬಿಕೊಡುವುದನ್ನೇ ಪ್ರಧಾನೋದ್ದೇಶವಾಗಿ ಉಳ್ಳದ್ದು. 2020ರಲ್ಲಿ ಬಜಾಜ್ ಅಲಯನ್ಸ್ ಹೊರತಂದ ಪಾಲಿಸಿಯೂ ತರುವಾಯ ಬಂದ ಇತರ ಕೆಲವು ಖಾಸಗಿ ಕಂಪನಿಗಳ ಪಾಲಿಸಿಗಳೂ ಶಸ್ತ್ರಚಿಕಿತ್ಸೆಯ ಮತ್ತು ಆಸ್ಪತ್ರೆವಾಸದ ವೆಚ್ಚಕ್ಕೆ ಪ್ರಾಶಸ್ತ್ಯ ಕೊಡುವಂಥವು. ತಳಿ ಬೆಳೆಸಿ ಮಾರುವವರಿಗೂ ಪ್ರದರ್ಶನಗಳಿಗೆ ಕೊಂಡೊಯ್ಯುವವರಿಗೂ ಮೊದಲನೆಯ ಬಗೆಯಲ್ಲಿ ಅರ್ಥವಿರಬಹುದು. ಮನೆಯವನಂತೆಯೇ ಬೆಳೆದ ನಾಯಿಯ ವಿಷಯದಲ್ಲಾದರೋ, ಅದು ಸತ್ತ ಮೇಲೆ ಕೈಸೇರುವ ಹತ್ತು ರೂಪಾಯಿಗಿಂತ ಅದನ್ನು ಬದುಕಿಸಲು ಒದಗುವ ಒಂದು ರೂಪಾಯಿಯೇ ಮಿಗಿಲೆಂಬುದು ಈ ಲೇಖಕನ ನಿಶ್ಚಿತ ಅಭಿಪ್ರಾಯ.

ಬಗೆಯನ್ನು ನಿಶ್ಚಯಿಸಿಕೊಂಡ ಮೇಲೆ ನೋಡಬೇಕಾದುದು ನಾಯಿಯ ವಯಸ್ಸು ಮತ್ತು ತಳಿ. ಮರಿಗೆ ಎರಡು ಮೂರು ತಿಂಗಳು ತುಂಬುವ ಮೊದಲು ಸಾಮಾನ್ಯವಾಗಿ ಯಾರೂ ವಿಮೆ ಕೊಡರು. ಅಲ್ಪಾಯುಷಿಗಳಾದ ಗ್ರೇಟ್ ಡೇನ್‌ನಂತಹ ದೈತ್ಯ ತಳಿಗಳಿಗೆ ಬೇಗನೆಯೂ, ಉಳಿದವುಗಳಿಗೆ ಕೊಂಚ ತಡವಾಗಿಯೂ ಬಾಗಿಲು ಮುಚ್ಚುತ್ತದೆ. ಹೊಸದಾಗಿ ಸೇರಲು ಇರುವ ವಯೋಮಿತಿ ಬೇರೆ, ನವೀಕರಣವು ನಿಂತುಹೋಗುವ ವಯೋಮಿತಿ ಬೇರೆ. ಎರಡನ್ನೂ ಕೇಳಿಕೊಳ್ಳಿರಿ, ಏಕೆಂದರೆ ಚಿಕಿತ್ಸೆಯ ಅಗತ್ಯವು ನಾಯಿಗೂ ವೃದ್ಧಾಪ್ಯದಲ್ಲಿಯೇ ಹೆಚ್ಚಷ್ಟೆ. ಮುಧೋಳದ ಬೇಟೆನಾಯಿಯನ್ನೋ ಬೀದಿಯಿಂದ ಎತ್ತಿ ತಂದು ಸಾಕಿದ ನಾಟಿ ನಾಯಿಯನ್ನೋ ಉಳ್ಳವರು, ದೇಶೀ ಮತ್ತು ಮಿಶ್ರ ತಳಿಗಳು ಪಾಲಿಸಿಗೆ ಒಳಪಡುತ್ತವೆಯೇ ಎಂಬುದನ್ನು ಬರಹದಲ್ಲಿಯೇ ಖಚಿತಪಡಿಸಿಕೊಳ್ಳುವುದು ಒಳಿತು.

ಇನ್ನು ಪಾಲಿಸಿಯ ಪುಸ್ತಿಕೆಯನ್ನು ಓದುವ ಕ್ರಮ. ಏಜೆಂಟರು ಮೊದಲ ಪುಟದಿಂದ ಓದಿಸುತ್ತಾರೆ. ತಾವು ಕಡೆಯಿಂದ ಆರಂಭಿಸಿರಿ. ಯಾವುದಕ್ಕೆ ಹಣ ಸಿಗದೆಂಬ ಪಟ್ಟಿ ಇರುವುದು ಅಲ್ಲಿಯೇ. ವಿಮೆಗೆ ಮುನ್ನವೇ ಇದ್ದ ಕಾಯಿಲೆ, ಪಾಲಿಸಿ ಆರಂಭವಾದ ಮೇಲೆ ಇಂತಿಷ್ಟು ದಿನವೆಂದು ಗೊತ್ತುಪಡಿಸಿದ ಕಾಯುವ ಅವಧಿಯೊಳಗೆ ತಲೆದೋರಿದ ಕಾಯಿಲೆ, ಗರ್ಭಧಾರಣೆ ಮತ್ತು ಪ್ರಸವದ ಖರ್ಚು, ಕ್ಷೌರ ಸ್ನಾನಾದಿ ಉಪಚಾರ ಇವು ಸಾಮಾನ್ಯವಾಗಿ ಹೊರಗುಳಿಯುವಂಥವು. ಲಸಿಕೆ ಹಾಕಿಸದ ನಾಯಿಗೆ ಪಾರ್ವೋ, ಡಿಸ್ಟೆಂಪರ್, ಲೆಪ್ಟೋಸ್ಪೈರೋಸಿಸ್ ಅಥವಾ ರೇಬಿಸ್ ತಗುಲಿದರೆ ಕಂಪನಿಯು ಕೈತೊಳೆದುಕೊಳ್ಳುವುದರಿಂದ, ಲಸಿಕೆಯ ಪುಸ್ತಕದಲ್ಲಿ ಪ್ರತಿಯೊಂದು ಚುಚ್ಚುಮದ್ದಿನ ಚೀಟಿಯೂ ದಿನಾಂಕವೂ ವೈದ್ಯರ ರುಜುವೂ ಇರುವಂತೆ ನೋಡಿಕೊಳ್ಳತಕ್ಕದ್ದು. ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್ ಸಾಕಿದವರು ಆನುವಂಶಿಕ ರೋಗಗಳ ಸಾಲನ್ನು ಎರಡು ಬಾರಿ ಓದಲಿ. ಆ ತಳಿಗಳನ್ನು ಬಹುವಾಗಿ ಬಾಧಿಸುವ ಸೊಂಟದ ಕೀಲಿನ ವಿಕಾರವು ಅದೇ ಸಾಲಿನೊಳಗೆ ಅಡಗಿ ಕುಳಿತಿರುವುದುಂಟು. ನಮ್ಮ ಕಡೆಯ ನಾಯಿಗಳನ್ನು ಪದೇ ಪದೇ ಕಾಡುವ ಉಣ್ಣೆಜ್ವರದ ಚಿಕಿತ್ಸೆಯಾದರೋ ಹೆಚ್ಚಾಗಿ ರಕ್ತಪರೀಕ್ಷೆ, ಮಾತ್ರೆಗಳಲ್ಲಿಯೇ ಮುಗಿಯತಕ್ಕದ್ದು. ಹೊರರೋಗಿ ವೆಚ್ಚದ ಭಾಗವನ್ನು ಪ್ರತ್ಯೇಕವಾಗಿ ಕೊಳ್ಳದಿದ್ದವರಿಗೆ ಅದರಲ್ಲಿ ಒಂದು ಕಾಸೂ ಹುಟ್ಟದಿರಬಹುದು.

ಬಳಿಕ ಲೆಕ್ಕಾಚಾರ. ಕಾಲುಚೀಲವನ್ನು ನುಂಗಿದ ನಾಯಿಯ ಹೊಟ್ಟೆಯನ್ನು ಕೊಯ್ದು ಅದನ್ನು ಹೊರತೆಗೆದುದಕ್ಕೆ 46,000 ರೂಪಾಯಿಯ ಬಿಲ್ಲಾಯಿತೆಂದು ಭಾವಿಸೋಣ. ಮೊದಲ 2,000 ರೂಪಾಯಿಯನ್ನು (ಡಿಡಕ್ಟಿಬಲ್) ಒಡೆಯನೇ ಭರಿಸತಕ್ಕದ್ದೆಂದೂ, ಉಳಿದುದರಲ್ಲಿ ನೂರಕ್ಕೆ 20 ಪಾಲೂ (ಕೋ-ಪೇ) ಅವನದೇ ಎಂದೂ ಪಾಲಿಸಿಯಲ್ಲಿದ್ದರೆ, 44,000ದಲ್ಲಿ 8,800 ಕಳೆದು 35,200 ರೂಪಾಯಿ ಕೈಗೆ ಬಂದೀತು. ಕೋ-ಪೇಯನ್ನೇ ಮೊದಲು ಕಳೆಯುವ ಕ್ರಮವಿದ್ದರೆ ಬರುವುದು 34,800. ಈ ನಾನೂರರ ವ್ಯತ್ಯಾಸ ಸಣ್ಣದೇ ಸರಿ. ಆದರೆ ವಿಮಾ ಮೊತ್ತವು ಲಕ್ಷ ರೂಪಾಯಿಯೆಂದು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಸಾರಿ, ಒಂದು ಶಸ್ತ್ರಚಿಕಿತ್ಸೆಗೆ 25,000ಕ್ಕಿಂತ ಹೆಚ್ಚು ಕೊಡಲಾಗದೆಂಬ ಉಪಮಿತಿಯನ್ನು ಒಳಪುಟದಲ್ಲಿ ಇರಿಸಿದ್ದರೆ, ಮೇಲಿನ ಎಣಿಕೆಯೆಲ್ಲ ವ್ಯರ್ಥವಾಗಿ ಆ 25,000ವೇ ಗತಿ. ಆದುದರಿಂದ ಎರಡು ಪಾಲಿಸಿಗಳನ್ನು ಹೋಲಿಸುವಾಗ ಪ್ರೀಮಿಯಂಗೆ ಪ್ರೀಮಿಯಂ ಇಟ್ಟು ನೋಡದೆ, ಇಂತಹ ಒಂದು ಕಲ್ಪಿತ ಬಿಲ್ಲನ್ನು ಎರಡರ ಮುಂದೆಯೂ ಇಟ್ಟು ಎಷ್ಟು ಬರುತ್ತದೆಂದು ನೋಡಿರಿ.

ಕಳವು, ಕಾಣೆಯಾಗುವಿಕೆ ಮೊದಲಾದ ಉಪಾಂಗಗಳಿಗೆ ನಾನು ಹೆಚ್ಚಿನ ಬೆಲೆ ಕೊಡಲಾರೆ. ಅನ್ಯರಿಗೆ ನಾಯಿ ಕಚ್ಚಿದಾಗಿನ ಹೊಣೆಯನ್ನು ವಹಿಸುವ ಭಾಗವು ಮಾತ್ರ ಅಪಾರ್ಟ್‌ಮೆಂಟುಗಳಲ್ಲಿ ವಾಸಿಸುವವರಿಗೆ ನಿಜವಾಗಿಯೂ ಉಪಯುಕ್ತವಾದದ್ದು. ಆದರೂ ಅದು ಗಾಯಗೊಂಡವರಿಗೆ ಕಾನೂನಿನಂತೆ ಸಲ್ಲಬೇಕಾದ ಪರಿಹಾರಕ್ಕೆ ಸಂಬಂಧಿಸಿದ್ದೇ ಹೊರತು, ಪ್ರಾಣಿಯ ವಿಷಯದಲ್ಲಿ ಅಜಾಗರೂಕತೆ ತೋರಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ ಆಗಬಹುದಾದ ಶಿಕ್ಷೆಯಿಂದ ಪಾರುಮಾಡುವಂಥದಲ್ಲ.

ವಿಮೆಯೇ ಬೇಡವೆನ್ನುವವರೂ ಇರಬಹುದು, ಅವರ ವಾದವೂ ನಿರಾಧಾರವಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂತಹ ಸರ್ಕಾರಿ ವ್ಯವಸ್ಥೆ ಹತ್ತಿರವಿದ್ದು, ಸರದಿಯಲ್ಲಿ ಕಾಯುವ ವ್ಯವಧಾನವೂ ಇದ್ದವರು, ಪ್ರೀಮಿಯಮಿನಷ್ಟು ಹಣವನ್ನು ವರ್ಷವರ್ಷವೂ ಬ್ಯಾಂಕಿನಲ್ಲಿ ಬೇರೆಯಾಗಿ ಕೂಡಿಟ್ಟರೂ ನಡೆದೀತು. ಆದರೆ ಮರಿ ಮನೆಗೆ ಬಂದ ಮೊದಲ ವರ್ಷದಲ್ಲಿಯೇ ದೊಡ್ಡ ಶಸ್ತ್ರಚಿಕಿತ್ಸೆ ಒದಗಿದರೆ ಆ ಗಂಟು ಇನ್ನೂ ಬೆಳೆದಿರುವುದಿಲ್ಲ. ಖಾಸಗಿ ಆಸ್ಪತ್ರೆಯನ್ನೇ ನೆಚ್ಚಿದವರಿಗೆ ವಿಮೆಯೇ ಮೇಲು.

ಕೊಳ್ಳುವಾಗ ನಾಯಿಯ ಭಾವಚಿತ್ರಗಳನ್ನೂ ವೈದ್ಯರ ಆರೋಗ್ಯಪತ್ರವನ್ನೂ ಕೇಳುವುದು ವಾಡಿಕೆ. ಹೆಗಲ ಮೂಳೆಗಳ ನಡುವೆ ಚರ್ಮದಡಿಯಲ್ಲಿ ಸೇರಿಸುವ, ಅಕ್ಕಿಕಾಳಿನ ಗಾತ್ರದ ಮೈಕ್ರೋಚಿಪ್ಪಿನ 15 ಅಂಕಿಗಳ ಸಂಖ್ಯೆಯನ್ನು ಪಾಲಿಸಿಯಲ್ಲಿ ನಮೂದಿಸಿದರೆ, ಇದು ಅದೇ ನಾಯಿಯೇ ಎಂಬ ತಕರಾರು ಮುಂದೆ ಏಳದು. ಇದ್ದ ಕಾಯಿಲೆಯನ್ನು ಅರ್ಜಿಯಲ್ಲಿ ಮರೆಮಾಚದಿರಿ. ಹಳೆಯ ಔಷಧಚೀಟಿಯೊಂದು ಕ್ಲೇಮಿನ ಹೊತ್ತಿಗೆ ಹೊರಬಿದ್ದರೆ ಪಾಲಿಸಿಯೇ ಬಿದ್ದುಹೋದೀತು.

ಅನೇಕ ವೇಳೆ ಮೊದಲು ಕೈಯಿಂದ ಹಣ ಕಟ್ಟಿ ತರುವಾಯ ಕಂಪನಿಯಿಂದ ಪಡೆಯಬೇಕಾಗುತ್ತದೆಯಾದುದರಿಂದ, ನಾಯಿಯ ಹೆಸರು, ರೋಗದ ಹೆಸರು, ವೈದ್ಯರ ನೋಂದಣಿ ಸಂಖ್ಯೆ ಈ ಮೂರರಲ್ಲಿ ಒಂದಾದರೂ ಇಲ್ಲದ ಬಿಲ್ಲನ್ನು ಆಸ್ಪತ್ರೆಯ ಕೌಂಟರಿನಲ್ಲಿಯೇ ತಿದ್ದಿಸಿಕೊಳ್ಳಿರಿ. ಘಟನೆಯನ್ನು ಕಂಪನಿಗೆ ತಿಳಿಸಲು ಪಾಲಿಸಿಯಲ್ಲಿ ಕೊಟ್ಟಿರುವ ಗಡುವನ್ನು ಮೀರಲಾಗದು. ಕ್ಲೇಮು ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಪಡೆದು, ಮೊದಲು ಕಂಪನಿಯ ದೂರು ವಿಭಾಗಕ್ಕೂ, ಅಲ್ಲಿಂದ ಒಂದು ತಿಂಗಳಲ್ಲಿ ಸಮಾಧಾನಕರವಾದ ಉತ್ತರ ಬಾರದಿದ್ದರೆ ವಿಮಾ ಒಂಬುಡ್ಸ್‌ಮನ್ ಕಚೇರಿಗೂ ಬರೆಯಬಹುದು. ಬೆಂಗಳೂರಿನಲ್ಲಿಯೇ ಅದರ ಶಾಖೆಯೊಂದಿದ್ದು, ದೂರು ಸಲ್ಲಿಸಲು ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.