ಬಿಲ್ ಇಲ್ಲದ ಖರ್ಚು

ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದಾಗ ನಾನು ಕೆಲಸ ಬಿಟ್ಟೆ. ಮೈಸೂರಿನ ಖಾಸಗಿ ಕಚೇರಿಯೊಂದರ ಅಕೌಂಟ್ಸ್ ವಿಭಾಗ, 48,000 ಸಂಬಳ. ಮನೆಯವರೆಲ್ಲ ಕೂತು ಹಾಕಿದ ಲೆಕ್ಕ ಸರಳವಾಗಿತ್ತು: ಹೋಮ್ ನರ್ಸ್ ಇಟ್ಟರೆ ತಿಂಗಳಿಗೆ 24,000, ಸೊಸೆ ಮನೆಯಲ್ಲಿದ್ದರೆ ಅಷ್ಟೂ ಉಳಿತಾಯ. ಎರಡು ವರ್ಷ ಹಾಗೇ ನಡೆಯಿತು. ಅತ್ತೆ ಈಗ ವಾಕರ್ ಹಿಡಿದು ಬಚ್ಚಲಿಗೆ ತಾವೇ ಹೋಗುತ್ತಾರೆ. ಕೆಲಸ ಬಿಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಅದಕ್ಕೆ ಎಷ್ಟು ಹಣ ಹೋಯಿತೆಂದು ಮನೆಯಲ್ಲಿ ಯಾರೂ ಬರೆದಿಡಲಿಲ್ಲ.

ಪಿಎಫ್, ವೃತ್ತಿ ತೆರಿಗೆ ಕಳೆದು ಕೈಗೆ ಬರುತ್ತಿದ್ದದ್ದು ಹತ್ತಿರ ಹತ್ತಿರ 45,000. 24 ತಿಂಗಳಿಗೆ 10,80,000. ಹೋಮ್ ನರ್ಸ್‌ಗೆ ಕೊಡದೆ ಉಳಿದ 5,76,000 ಕಳೆಯಿರಿ: 5,04,000. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಮೂಲ ವೇತನ 24,000ಕ್ಕೆ ನನ್ನ ಪಾಲಿನ ಪಿಎಫ್ 2,880. ಕಂಪನಿಯ 2,880ರಲ್ಲಿ 1,250 ಇಪಿಎಸ್ ಪಿಂಚಣಿಗೆ ಹೋಗಿ 1,630 ಪಿಎಫ್‌ಗೆ. ತಿಂಗಳಿಗೆ 4,510, ಎರಡು ವರ್ಷಕ್ಕೆ 1,08,240. ನನಗೆ 58 ತುಂಬಲು 13 ವರ್ಷ ಬಾಕಿ, ಶೇ 8.25ರ ಬಡ್ಡಿಯೇ ಮುಂದುವರಿದರೆ ಅದು 3 ಲಕ್ಷ ದಾಟುತ್ತಿತ್ತು. ಸೇವೆ ಐದು ವರ್ಷ ತುಂಬಿರಲಿಲ್ಲವಾದ್ದರಿಂದ ಗ್ರ್ಯಾಚುಟಿಯೂ ಇಲ್ಲ. 24,000ವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಐದೇ ವರ್ಷಕ್ಕೆ ಹಿಡಿದರೂ 69,230. ಪಿಎಫ್ ಬಡ್ಡಿ ಬಿಟ್ಟೇ ಮೂರನ್ನೂ ಕೂಡಿದರೆ 6.8 ಲಕ್ಷ ದಾಟುತ್ತದೆ. ಮತ್ತೆ ಕೆಲಸ ಹುಡುಕಿದಾಗ ಸಿಕ್ಕಿದ್ದು 40,000ದ್ದು. ಆ 8,000 ಈಗಲೂ ತಿಂಗಳು ತಿಂಗಳು ಖೋತಾ.

ಔಷಧಿ, ಫಿಸಿಯೋಥೆರಪಿ, ಡೈಪರ್ ಖರ್ಚನ್ನು ನನ್ನ ಗಂಡ, ಮೈದುನ, ನಾದಿನಿ ಮೂರು ಪಾಲು ಮಾಡಿಕೊಂಡಿದ್ದರು. ಬಿಲ್ ಇದ್ದದ್ದಕ್ಕೆಲ್ಲ ಪಾಲು. ನನ್ನ ಸಂಬಳಕ್ಕೆ ಬಿಲ್ ಇರಲಿಲ್ಲ. ಈ ಲೆಕ್ಕ ಮುಂದಿಟ್ಟಾಗ ನಾದಿನಿ, “ಅಮ್ಮನ್ನ ನೋಡ್ಕೊಳ್ಳೋಕೂ ಸಂಬಳನಾ ಅತ್ತಿಗೆ?” ಎಂದಳು. ತುಂಬ ನೊಂದುಕೊಂಡೆ. ರಾತ್ರಿ ಎದ್ದೆದ್ದು ಮಗ್ಗುಲು ಬದಲಿಸಿದ್ದಕ್ಕೆ ನಾನು ದುಡ್ಡು ಕೇಳಿಲ್ಲ, ಕೇಳುವುದೂ ಇಲ್ಲ. ನನ್ನ ಮುಪ್ಪಿಗೆಂದು ಕೂಡಬೇಕಿದ್ದ ಹಣ ಅತ್ತೆಯ ಮುಪ್ಪಿಗೆ ಹೋಗಿದೆ. ಆ ಖರ್ಚು ಮೂವರು ಮಕ್ಕಳಿಗೂ ಸೇರಿದ್ದು.

ಇದನ್ನು ಬಗೆಹರಿಸಿದವರು ಅತ್ತೆ. ಅವರ 15 ಲಕ್ಷ ಶೇ 8.2ರ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದೆ. ಮೂರು ತಿಂಗಳಿಗೊಮ್ಮೆ 30,750 ಬರುತ್ತದೆ. “ಮಕ್ಕಳಿಗಿರಲಿ” ಎಂದು ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಆದರೆ ತಮ್ಮ ಡೈಪರ್ ಖರ್ಚನ್ನು ಮಕ್ಕಳು ಫೋನಿನಲ್ಲಿ ಹಂಚಿಕೊಳ್ಳುವುದು ಕಿವಿಗೆ ಬಿದ್ದಾಗಲೆಲ್ಲ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ತಮ್ಮ ಔಷಧಿಗೆ ಆ ಬಡ್ಡಿ, ಮಕ್ಕಳು ಕೊಡುತ್ತಿದ್ದ ಪಾಲು ನನ್ನ ಪಿಪಿಎಫ್‌ಗೆ ಎಂದು ಅವರೇ ಹೇಳಿದರು. ಮೈದುನ ಒಪ್ಪಿದ. ನಾದಿನಿ ಇನ್ನೂ ಒಪ್ಪಿಲ್ಲ.

ಹಿರಿಯರ ದುಡ್ಡು ಮೊದಲು ಅವರಿಗೇ ಖರ್ಚಾಗಲಿ. ಆ ದುಡ್ಡಿನ ಮೇಲೆ ಕಣ್ಣಿಟ್ಟವರು ಬೇರೆ ಇದ್ದಾರೆ. ಅತ್ತೆಯ ಇನ್ನೊಂದು ಎಫ್‌ಡಿ ಮುಗಿದ ವಾರವೇ, ನಾನು ಔಷಧಿ ತರಲು ಹೋಗಿದ್ದಾಗ, ಬ್ಯಾಂಕಿನವರೊಬ್ಬರು ಮನೆಗೇ ಬಂದು ‘ಗ್ಯಾರಂಟಿ ಆದಾಯ’ದ ವಿಮಾ ಪಾಲಿಸಿಗೆ ಅವರ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಎಂಟು ವರ್ಷ ಕಂತು, ಹತ್ತನೇ ವರ್ಷದಿಂದ ಆದಾಯ. ಅತ್ತೆಗೆ ಆಗ 74! ಈ ತಿಂಗಳ ಮಾತ್ರೆಗೆ ಹಣ ಬೇಕಾದವರಿಗೆ ಹತ್ತು ವರ್ಷದ ನಂತರದ ಗ್ಯಾರಂಟಿ ಯಾಕೆ? 30 ದಿನಗಳ ಫ್ರೀ ಲುಕ್ ಅವಧಿಯೊಳಗೆ ವಾಪಸ್ ಮಾಡಿ ಹಣ ತೆಗೆದುಕೊಂಡೆವು. ಅಪ್ಪ ಅಮ್ಮನ ಎಫ್‌ಡಿ ಯಾವಾಗ ಮುಗಿಯುತ್ತದೆಂದು ಮಕ್ಕಳಿಗೆ ಗೊತ್ತಿರಬೇಕು. ಅವರನ್ನು ಒಬ್ಬರನ್ನೇ ಯಾವ ಅರ್ಜಿಯ ಮುಂದೆಯೂ ಕೂರಿಸಬೇಡಿ. ಮನೆಯಲ್ಲೊಂದು ನೋಟ್‌ಬುಕ್ ಇಡಿ. ಯಾರು ರಜೆ ಹಾಕಿದರು, ಯಾರ ಸಂಬಳ ಕಡಿತವಾಯಿತು ಎಂಬುದನ್ನೂ ಅದರಲ್ಲಿ ಬರೆಯಿರಿ. ಆಗಾಗ ಅಲ್ಲ, ಪ್ರತಿ ತಿಂಗಳೂ.

ಹಾಸನದಲ್ಲಿ ನನ್ನ ಅಮ್ಮನಿಗೆ ಮೊಣಕಾಲು ನೋವು ಜೋರಾಗಿದೆ, ಮರೆವೂ ಶುರುವಾಗಿದೆ. ತಮ್ಮನ ಹೆಂಡತಿ ಶಾಲೆಯ ಕೆಲಸ ಬಿಡುವ ಮಾತಾಡಿದಳಂತೆ. ಅಲ್ಲಿ ನಾನೇ ನಾದಿನಿ. ಮೊದಲು ಅವಳ ಸಂಬಳ, ಪಿಎಫ್, ಸೇವೆಯ ವರ್ಷ ಬರೆದು ಕಳಿಸು ಎಂದು ತಮ್ಮನಿಗೆ ಹೇಳಿದ್ದೇನೆ. ಅವಳು ಬಿಡುವುದೇ ಆದರೆ ಆ ನಷ್ಟದಲ್ಲಿ ಅರ್ಧ ನಾನು ತುಂಬಬೇಕು. ಬೇಡವೆಂದರೆ ಹೋಮ್ ನರ್ಸ್ ಖರ್ಚಿನಲ್ಲಿ ಅರ್ಧ. ಎರಡರಲ್ಲಿ ಯಾವುದೆಂದು ಅವಳೇ ಹೇಳಲಿ ಅಂತ ಕಾಯುತ್ತಿದ್ದೇನೆ.